ಅಂಗಡಿಯಲ್ಲಿ ಸಿಗಲ್ಲ, ಸ್ಕ್ಯಾನ್ ಮಾಡಿ ಹಂಚೋ ಹಾಗಿಲ್ಲ: ಹಳೆಯ ಕನ್ನಡ ಪುಸ್ತಕಗಳನ್ನ ಈ ಕಾನೂನು ಯಾರಿಗೋಸ್ಕರ ಕಾಯ್ತಿದೆ?

ಹಳೆಹೊತ್ತಗೆ

1950, 60ರ ದಶಕದಲ್ಲಿ ಅಚ್ಚಾದ ಕನ್ನಡ ಪುಸ್ತಕ ಹುಡುಕಿದವರಿಗೆಲ್ಲ ಈ ಸಂಕಟ ಗೊತ್ತಿರುತ್ತೆ. ದೊಡ್ಡ ಹೆಸರಿನ ಕೆಲವು ಲೇಖಕರನ್ನ ಬಿಟ್ಟರೆ ಉಳಿದವರದ್ದು ಮರುಮುದ್ರಣವೇ ಆಗಿಲ್ಲ. ಪ್ರಕಾಶನ ಮುಚ್ಚಿ ಯಾವ ಕಾಲವಾಯ್ತೋ. ಲೇಖಕರಿಲ್ಲ, ಮೊಮ್ಮಕ್ಕಳು ಯಾವ ಊರಲ್ಲಿದ್ದಾರೋ. ಉಳಿದ ಒಂದೆರಡು ಪ್ರತಿ ಯಾವುದೋ ವಾಚನಾಲಯದ ಬೀರುವಿನಲ್ಲಿ, ಪುಟ ತಿರುವಿದರೆ ಅಂಚು ಪುಡಿಪುಡಿ. ಆ ಕಾಲದ ಅಗ್ಗದ ಕಾಗದದಲ್ಲಿ ಆಮ್ಲದ ಅಂಶ ಹೆಚ್ಚು, ಹೊರಗಿನಿಂದ ಯಾರೂ ಹಾಳು ಮಾಡಬೇಕಾಗಿಲ್ಲ.

ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗೋ ಹಾಗೆ ಇಡೋಣ ಅಂದರೆ 1957ರ ಕಾಪಿರೈಟ್ ಕಾಯ್ದೆ ಅಡ್ಡ ನಿಲ್ಲುತ್ತೆ. ಲೇಖಕ ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ ಎಣಿಸಿ 60 ವರ್ಷ. ಡಿವಿಜಿ 1975ರಲ್ಲಿ ಹೋದರು, ಅವರ ಬರಹ ಮುಕ್ತವಾಗೋದು 2036ಕ್ಕೆ. ಬೇಂದ್ರೆಯವರದ್ದು 2042ಕ್ಕೆ. ಕಾರಂತರದ್ದು 2058ಕ್ಕೆ. ಇವರ ಪುಸ್ತಕ ಹೇಗೂ ಅಚ್ಚಾಗ್ತಾ ಇರುತ್ತೆ, ಆ ಚಿಂತೆ ಇಲ್ಲ. ಅದೇ ಕಾಲದಲ್ಲಿ ಬರೆದು, ಒಂದೇ ಮುದ್ರಣ ಕಂಡು ಕಣ್ಮರೆಯಾದ ನೂರಾರು ಜನರಿಗೂ ಅದೇ ಲೆಕ್ಕ. ಅವರ ಕಾಪಿರೈಟ್ ಮುಗಿಯೋ ಹೊತ್ತಿಗೆ ಪುಸ್ತಕವೇ ಉಳಿದಿರಲ್ಲ.

ಈ 60 ಎಲ್ಲಿಂದ ಬಂತು ಅನ್ನೋದನ್ನೂ ಹೇಳಿಬಿಡ್ತೀನಿ. ಮೊದಲು ಇದ್ದದ್ದು 50. ಕಾಪಿರೈಟ್ ಬಗ್ಗೆ ದೇಶಗಳು ಮಾಡಿಕೊಂಡ ಬರ್ನ್ ಒಪ್ಪಂದ ಕೇಳೋದೂ ಕನಿಷ್ಠ ಅಷ್ಟೇ. ರವೀಂದ್ರನಾಥ ಟಾಗೋರರು ತೀರಿಕೊಂಡದ್ದು 1941ರಲ್ಲಿ, ಅವರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯಬೇಕಿತ್ತು. ಆ ಹಕ್ಕು ಅವರೇ ಕಟ್ಟಿದ ವಿಶ್ವಭಾರತಿ ವಿಶ್ವವಿದ್ಯಾಲಯದ ಕೈತಪ್ಪಬಾರದು ಅಂತ ಅದೇ ಡಿಸೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದರು, 1992ರಲ್ಲಿ ಕಾಯ್ದೆ ಮಾಡಿದರು. ಒಬ್ಬರ ಕೃತಿಗಳಿಗಾಗಿ ದೇಶದ ಎಲ್ಲ ಭಾಷೆಗಳ ಎಲ್ಲ ಲೇಖಕರಿಗೂ ಹತ್ತು ವರ್ಷ ಸೇರಿಸಿದರು. 1946ರಲ್ಲಿ ತೀರಿಕೊಂಡ ಬಿಎಂಶ್ರೀ, ಕೈಲಾಸಂ ಇಬ್ಬರ ಬರಹವೂ 1997ರಲ್ಲಿ ಸಿಗಬೇಕಾದ್ದು 2007ಕ್ಕೆ ಹೋಯ್ತು. ಕನ್ನಡದವರನ್ನ ಯಾರಾದರೂ ಕೇಳಿದರಾ?

ಇಷ್ಟರ ಮೇಲೆ ಜೈಲಿನ ಹೆದರಿಕೆ ಬೇರೆ. ಸೆಕ್ಷನ್ 63ರಲ್ಲಿ ಆರು ತಿಂಗಳಿಂದ ಮೂರು ವರ್ಷ ಶಿಕ್ಷೆ. ಇದು ಜಾಮೀನು ಹಕ್ಕಾಗಿ ಸಿಗದ ಅಪರಾಧ ಅಂತ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಿಟ್ ಪ್ರೋ ಪ್ರಕರಣದಲ್ಲಿ ಹೇಳಿಯೂ ಆಗಿದೆ.

ಗಾಂಧಿಬಜಾರ್_ಪ್ರಕಾಶಕ

ನಿಮ್ಮ ಕಾಳಜಿ ಅರ್ಥವಾಗುತ್ತೆ, ಆದರೆ ನನ್ನ ಕಡೆಯಿಂದಲೂ ನೋಡಿ. ಹೊಸ ಕಾದಂಬರಿ ಬಿಡುಗಡೆಯಾದ ಕೆಲವೇ ವಾರಕ್ಕೆ ಅದರ ಪಿಡಿಎಫ್ ಟೆಲಿಗ್ರಾಂ ಗುಂಪಿನಲ್ಲಿ ಬಂದಿರುತ್ತೆ. ಹಾಕಿದವನು ತಾನು ಕನ್ನಡ ಸೇವೆ ಮಾಡ್ತಿದೀನಿ ಅಂತ ನಂಬಿರ್ತಾನೆ. ಸಾವಿರ ಪ್ರತಿ ಹಾಕಿಸಿ, ಅದು ಖರ್ಚಾಗೋಕೆ ಎರಡು ಮೂರು ವರ್ಷ ಕಾಯೋ ವ್ಯಾಪಾರ ಇದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಹಣ ಯಾವಾಗ ಬರುತ್ತೋ ದೇವರೇ ಬಲ್ಲ. ಇದರ ನಡುವೆ ಲೇಖಕರಿಗೆ ಗೌರವಧನ ಕೊಡಬೇಕು. ಕಾಪಿರೈಟ್ ಸಡಿಲ ಮಾಡಿ ಅಂದ ತಕ್ಷಣ ನನಗೆ ಕಣ್ಣಮುಂದೆ ಬರೋದು ಆ ಟೆಲಿಗ್ರಾಂ ಗುಂಪು.

ಲೇಖಕರ ಹೆಂಡತಿ ಮಕ್ಕಳಿಗೆ ಆ ಹಕ್ಕು ಒಂದೇ ಆಸ್ತಿಯಾಗಿರೋ ಮನೆಗಳನ್ನೂ ನಾನು ನೋಡಿದೀನಿ. ಅದನ್ನ ಹಗುರವಾಗಿ ಮಾತಾಡಬೇಡಿ.

ಹಳೆಹೊತ್ತಗೆ

ಹೊಸ ಪುಸ್ತಕದ ಕಳ್ಳ ಪಿಡಿಎಫ್ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಜೊತೆ. ಹಾಗೆ ಹಂಚೋದು ತಪ್ಪು, ಅದನ್ನ ಸೇವೆ ಅಂತ ಕರೆಯೋದು ಇನ್ನೂ ತಪ್ಪು. ನಾನು ಕೇಳ್ತಿರೋದು ಮೂವತ್ತು ನಲವತ್ತು ವರ್ಷದಿಂದ ಯಾರೂ ಅಚ್ಚು ಹಾಕದ ಪುಸ್ತಕದ ಬಗ್ಗೆ. ಮಾರಾಟಕ್ಕೇ ಇಲ್ಲದ ಪುಸ್ತಕದಿಂದ ಯಾವ ಮನೆಗೂ ಒಂದು ರೂಪಾಯಿ ಹೋಗ್ತಿಲ್ಲ.

ಕಪ್ಪುಕೋಟು

ವಕೀಲಿ ಮಾಡೋನು, ಸ್ವಲ್ಪ ಉದ್ದ ಬರೀತೀನಿ. ಕಾಯ್ದೆಯಲ್ಲಿ ದಾರಿಗಳು ಇವೆ. ನಡೆಯೋಕೆ ಆಗದ ಹಾಗೆ ಇವೆ ಅನ್ನೋದು ನನ್ನ ದೂರು.

ಮೊದಲನೆಯದು ಗ್ರಂಥಾಲಯಗಳಿಗೆ. 2012ರ ತಿದ್ದುಪಡಿಯ ನಂತರ, ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿ ಈಗಾಗಲೇ ಇರುವ ಪುಸ್ತಕವನ್ನ ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವಾದರೆ ತನ್ನ ಬಳಕೆಗೆ ಮೂರು ಪ್ರತಿ ಮಾಡಿಕೊಳ್ಳಬಹುದು. ಸೆಕ್ಷನ್ 52ರಲ್ಲಿ ಎರಡೂ ಇವೆ. ಅಂದರೆ ಬೀರುವಿನಲ್ಲಿ ಪುಡಿಯಾಗ್ತಿರೋ ಪುಸ್ತಕ ಸ್ಕ್ಯಾನ್ ಮಾಡೋದು ಗ್ರಂಥಾಲಯಕ್ಕೆ ಅಪರಾಧವೇ ಅಲ್ಲ. ಎಷ್ಟೋ ಕಡೆ ಇದು ಗೊತ್ತಿಲ್ಲದೆ ಹೆದರಿ ಕೂತಿದಾರೆ. ಆದರೆ ಅದನ್ನ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿಡೋಕೆ ಈ ಸೆಕ್ಷನ್ ಬಿಡಲ್ಲ.

ಎರಡನೆಯದು ವಾರಸುದಾರರು ಪತ್ತೆಯಾಗದ ಪುಸ್ತಕಕ್ಕೆ, ಸೆಕ್ಷನ್ 31ಎ. ಲೇಖಕ ಸತ್ತಿದ್ದರೆ, ಯಾರೆಂದೇ ಗೊತ್ತಿಲ್ಲದಿದ್ದರೆ, ಹಕ್ಕುದಾರ ಸಿಗದಿದ್ದರೆ ಪ್ರಕಟಿಸೋಕೆ ಪರವಾನಗಿ ಕೇಳಬಹುದು. ಷರತ್ತು ಓದಿದರೆ ಹೊಟ್ಟೆ ಉರಿಯುತ್ತೆ. ಅರ್ಜಿಗೆ ಮೊದಲು, ದೇಶದ ಬಹುಭಾಗದಲ್ಲಿ ಪ್ರಸಾರ ಇರುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ಗದಗದ ಒಬ್ಬ ಮೇಷ್ಟ್ರು ಬರೆದ ಕನ್ನಡ ಪುಸ್ತಕದ ವಾರಸುದಾರರನ್ನ ಹುಡುಕೋಕೆ ಇಂಗ್ಲಿಷ್ ಪತ್ರಿಕೆ! ಕನ್ನಡ ಪತ್ರಿಕೆಯಲ್ಲೂ ಕೊಡಬೇಕಾಗೋದು ಕನ್ನಡಕ್ಕೆ ಅನುವಾದ ಮಾಡೋದಾದರೆ ಮಾತ್ರ. ಒಂದು ಜಾಹೀರಾತಿನ ಖರ್ಚಿನಲ್ಲಿ ಪುಸ್ತಕವನ್ನೇ ಅಚ್ಚು ಹಾಕಿಸಿಬಿಡಬಹುದು. ಮೇಲಾಗಿ ಇಂಥ ಅರ್ಜಿ ನೋಡ್ತಿದ್ದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾದ ಮೇಲೆ ಇದಕ್ಕೂ ಕೋರ್ಟು ಹತ್ತಬೇಕು.

ಮೂರನೆಯದನ್ನ ಎಲ್ಲರೂ ಗಮನಿಸಬೇಕು. 1994ರ ತಿದ್ದುಪಡಿ ಜಾರಿಯಾದ ಮೇಲೆ ಲೇಖಕರು ಪ್ರಕಾಶಕರಿಗೆ ಹಕ್ಕು ಬರೆದುಕೊಟ್ಟ ಪತ್ರದಲ್ಲಿ ಅವಧಿ ಹೇಳದಿದ್ದರೆ, ಸೆಕ್ಷನ್ 19ರ ಪ್ರಕಾರ ಅದು ಐದೇ ವರ್ಷಕ್ಕೆ ಅಂತ ಲೆಕ್ಕ; ಅದಕ್ಕೂ ಹಿಂದಿನ ಪತ್ರಗಳಿಗೆ ಇದು ಅನ್ವಯಿಸಲ್ಲ. ಹಕ್ಕು ಬರೆದುಕೊಟ್ಟೇ ಇಲ್ಲದಿದ್ದರೆ ಅದು ಹೇಗೂ ಮನೆಯವರ ಹತ್ತಿರವೇ ಇರುತ್ತೆ, ಎಷ್ಟೋ ಸಲ ಅವರಿಗೇ ಅದು ಗೊತ್ತಿರಲ್ಲ. ಅವರು ಒಪ್ಪಿ ಬರೆದುಕೊಟ್ಟರೆ ಸಾಕು. ನಿರಂಜನರ ಕೃತಿಗಳನ್ನ ಮನೆಯವರು 2014ರಲ್ಲಿ, ಯಾರು ಬೇಕಾದರೂ ಬಳಸಿ ಹಂಚಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶದ ಸಂಪುಟಗಳನ್ನ ಹಾಗೆಯೇ ಬಿಟ್ಟುಕೊಟ್ಟಿತು.

ಸೆಕ್ಷನ್ 63ರ ಬಗ್ಗೆ ಒಂದು ಸೇರಿಸ್ತೀನಿ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲವಾದರೆ ಶಿಕ್ಷೆ ಕಡಿಮೆ ಮಾಡೋ ಅಧಿಕಾರ ಕೋರ್ಟಿಗೆ ಇದೆ. ಆದರೆ ಅದು ವಿಚಾರಣೆ ಎಲ್ಲ ಮುಗಿದ ಮೇಲಿನ ಮಾತು. ಪೊಲೀಸರು ಮನೆಗೆ ಬರೋದು ಅದಕ್ಕೆ ಬಹಳ ಮೊದಲು.

ಧಾರವಾಡದಾಂವ

ನಿಮಗೆಲ್ಲಾ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ನೆನಪೈತಿಲ್ಲೋ? ನಮ್ಮ ಬೆಂಗಳೂರಿನ ಐಐಎಸ್‌ಸಿ ಮುಂದ ನಿಂತು ಮಾಡಿದ ಕೆಲಸ ಅದು. ಸರಕಾರದ ರೊಕ್ಕದಾಗ ಲಕ್ಷಗಟ್ಲೆ ಪುಸ್ತಕ ಸ್ಕ್ಯಾನ್ ಮಾಡಿದ್ರು, ಕನ್ನಡದ್ದೂ ರಗಡ ಇದ್ವು. ಸ್ಕ್ಯಾನ್ ಕೆಟ್ಟದ್ದಿದ್ವು, ಪುಟ ತಿರುವುಮುರುವು ಇದ್ವು, ಹೆಸರು ಇಂಗ್ಲಿಷ್‌ನ್ಯಾಗ ಹೆಂಗೆಂಗೋ ಬರದಿದ್ರು. ಆದ್ರೂ ಇದ್ವು! ಹಳ್ಳ್ಯಾಗ ಕೂತ ಹುಡುಗ ಹಳಗನ್ನಡದ ಗ್ರಂಥ ತಗದು ಓದತಿದ್ದ. ಆಮ್ಯಾಲೆ ಒಂದಿನ ಕಾಪಿರೈಟ್ ಉಲ್ಲಂಘನೆ ಕಾರಣಕ್ಕ ಸೇವೆ ನಿಲ್ಲಿಸೇವಿ ಅಂತ ಒಂದು ಸಾಲು ಹಾಕಿ ಬಾಗಿಲಾ ಹಾಕಿದ್ರು. ಯಾವ ಪುಸ್ತಕದ ಮ್ಯಾಲೆ ತಕರಾರು ಬಂದಿತ್ತೋ ಅದನ್ನಷ್ಟ ತಗೀಬಹುದಿತ್ತು. ನೂರಾರು ವರ್ಷದ ಹಳೇ ಪುಸ್ತಕಾನೂ ಅದರ ಜೋಡಿ ಹೋದ್ವು. ಅಮೆರಿಕಾದ ಕಾರ್ಲ್ ಮಾಲಮಡ್ ಅನ್ನೋ ಮನಷಾ ಅದರಾಗ ಬಹಳಷ್ಟು ಪ್ರತಿ ಇಳಿಸಿ, ಪುಕ್ಕಟೆ ಓದಾಕ ಕೊಡೋ ಇಂಟರ್ನೆಟ್ ಆರ್ಕೈವ್‌ದಾಗ ಇಟ್ಟಿರಲಿಲ್ಲಂದ್ರ ನಮ್ಮ ರೊಕ್ಕದ ಕೆಲಸ ಪೂರಾ ನೀರಪಾಲು.

ಮುಂದ ಕೇಳ್ರಿ. 2017ರ ಆಗಸ್ಟ್‌ನ್ಯಾಗ ಆ ಆರ್ಕೈವೂ ಭಾರತದಾಗ ಬಂದ್ ಆತು. ಎರಡು ಹಿಂದಿ ಸಿನೆಮಾದವರು ಮದ್ರಾಸ್ ಹೈಕೋರ್ಟಿಗೆ ಹೋಗಿ 2,650 ಜಾಲತಾಣದ ಪಟ್ಟಿ ಕೊಟ್ಟಿದ್ರು, ಅದರಾಗ ಇದರ ಹೆಸರೂ ಇತ್ತು. ಸಿನೆಮಾ ಕದಿಯೋರನ್ನ ಹಿಡೀಲಿ, ಯಾರು ಬ್ಯಾಡಂತಾರ? ಇಲಿ ಬಂತಂತ ಮನೀಗೆ ಬೆಂಕಿ ಹಚ್ಚಿದಂಗ ಆತು ಇದು. ತಿಳಿಯದಿರೋ ಹುಡುಗೂರು ನೆಟ್ ಕೆಟ್ಟೈತಿ ಅಂತ ತಿಳಕೊಂಡು ಸುಮ್ಮನಾಗ್ತಾರ.

ಸರ್ವರ್‌ರೂಮ್

ಧಾರವಾಡದವರು ಹೇಳಿದ ಕೊನೆಯ ಸಾಲು ನನಗೆ ಬಹಳ ಮುಖ್ಯ ಅನಿಸ್ತು. ನೆಟ್‌ವರ್ಕ್ ಕೆಲಸದಲ್ಲಿ ಇರೋದರಿಂದ ಹೇಳ್ತೀನಿ, ಬ್ಲಾಕ್ ಆದ ತಾಣ ಹೊರಗಿನಿಂದ ನೋಡೋಕೆ ಕೆಟ್ಟ ತಾಣದ ಹಾಗೇ ಇರುತ್ತೆ. ಯಾರು ಹೇಳಿದರು, ಯಾವ ಆದೇಶ, ಎಷ್ಟು ದಿನ, ಯಾರಿಗೆ ದೂರು ಕೊಡಬೇಕು ಅನ್ನೋದು ಬಹಳ ಸಲ ಪರದೆಯ ಮೇಲೆ ಬರಲ್ಲ. 2014ರ ಕೊನೆಯಲ್ಲಿ ಉಗ್ರವಾದದ ಕಾರಣ ಕೊಟ್ಟು 32 ತಾಣಗಳನ್ನ ಮುಚ್ಚಿಸಿದಾಗ ಆ ಪಟ್ಟಿಯಲ್ಲೂ ಇದೇ ಆರ್ಕೈವ್ ಇತ್ತು, ಗಿಟ್‌ಹಬ್ ಇತ್ತು, ವಿಮಿಯೋ ಇತ್ತು.

ಸರ್ಕಾರ ಬ್ಲಾಕ್ ಮಾಡಿಸೋದು ಐಟಿ ಕಾಯ್ದೆಯ 69ಎ ಅಡಿ. ಅದರ 2009ರ ನಿಯಮಗಳಲ್ಲಿ 16ನೇ ನಿಯಮ, ದೂರನ್ನೂ ಅದರ ಮೇಲಿನ ಕ್ರಮವನ್ನೂ ಗುಟ್ಟಾಗಿಡಬೇಕು ಅನ್ನುತ್ತೆ. 2015ರಲ್ಲಿ ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಆನ್‌ಲೈನ್ ಮಾತಿಗೆ ಶಿಕ್ಷೆ ಕೊಡ್ತಿದ್ದ 66ಎ ಹೊಡೆದುಹಾಕಿತು, 69ಎ ಉಳಿಸಿತು. ಉಳಿಸುವಾಗ ಲಿಖಿತ ಕಾರಣ ಇರಬೇಕು, ವಿಚಾರಣೆ ಇರಬೇಕು ಅನ್ನೋ ರಕ್ಷಣೆಗಳನ್ನ ನೆಚ್ಚಿಕೊಂಡಿತು. ಗುಟ್ಟಾಗಿಟ್ಟ ಆದೇಶದ ವಿರುದ್ಧ ಓದುಗ ಹೇಗೆ ಕೋರ್ಟಿಗೆ ಹೋಗ್ತಾನೆ? ಟ್ವಿಟರ್‌ನಂಥ ಕಂಪನಿಯೇ ಕರ್ನಾಟಕ ಹೈಕೋರ್ಟಿಗೆ ಹೋಗಿ 2023ರ ಜೂನ್ 30ರಂದು ಸೋತು, 50 ಲಕ್ಷ ದಂಡ ಹಾಕಿಸಿಕೊಂಡು ಬಂತು. ಜಾಲದಲ್ಲಿರೋದನ್ನ ತೆಗೆಸೋಕೆ ಸರ್ಕಾರದ ಇಲಾಖೆಗಳು ಕಂಪನಿಗಳಿಗೆ ನೋಟಿಸ್ ಕಳಿಸೋ ಸಹಯೋಗ್ ಪೋರ್ಟಲ್ ಪ್ರಶ್ನಿಸಿದ ಅರ್ಜಿಯನ್ನೂ ಅದೇ ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು.

ಕಾಪಿರೈಟ್ ಬೇರೆ, ಸೆನ್ಸಾರ್ ಬೇರೆ ಅನ್ನೋರಿಗೆ 2022ರ ನವೆಂಬರ್ ನೆನಪಿಸಬೇಕು. ಕೆಜಿಎಫ್ ಎರಡನೇ ಭಾಗದ ಸಂಗೀತವನ್ನ ಭಾರತ್ ಜೋಡೋ ಯಾತ್ರೆಯ ವಿಡಿಯೋದಲ್ಲಿ ಬಳಸಿದರು ಅಂತ ಎಂಆರ್‌ಟಿ ಮ್ಯೂಸಿಕ್ ಕೇಸು ಹಾಕಿತು. ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಾತ್ಕಾಲಿಕವಾಗಿ ಬ್ಲಾಕ್ ಮಾಡಲು ಹೇಳಿತು. ಮರುದಿನವೇ ಹೈಕೋರ್ಟ್, ಆ ವಿಡಿಯೋ ತೆಗೆಯಬೇಕು ಅನ್ನೋ ಷರತ್ತಿನ ಮೇಲೆ ಆದೇಶ ರದ್ದು ಮಾಡಿತು. ಆ ಪಕ್ಷ ಇಷ್ಟವೋ ಇಲ್ಲವೋ, ಅದು ಇಲ್ಲಿ ಮುಖ್ಯ ಅಲ್ಲ. ಒಂದು ಹಾಡಿನ ತುಣುಕಿಗೆ ಇಡೀ ಖಾತೆಯ ಬಾಯಿ ಮುಚ್ಚಿಸಬಹುದು ಅಂತ ಒಂದು ಕೋರ್ಟಿಗೆ ಅನಿಸಿತ್ತು. ಅವರಿಗೆ ಮರುದಿನವೇ ಹೈಕೋರ್ಟಿಗೆ ಓಡೋ ವಕೀಲರಿದ್ದರು.

ಚೆಂಡೆಪೆಟ್ಟು

ನಮಗೆ ಅಂಥ ವಕೀಲರಿಲ್ಲ ಮಾರಾಯ್ರೆ. ನಮ್ಮ ಊರಿನ ಬಯಲಾಟ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕ್ತೇವೆ. ಮೇಳದವರ ಒಪ್ಪಿಗೆ ಉಂಟು, ಭಾಗವತರ ಒಪ್ಪಿಗೆ ಉಂಟು. ಪ್ರಸಂಗ ಪಾರ್ತಿಸುಬ್ಬನ ಕಾಲದ್ದು, ಅದಕ್ಕೆ ಯಾರ ಹಕ್ಕೂ ಇಲ್ಲ. ಆದರೂ ಒಂದು ಕ್ಯಾಸೆಟ್ ಕಂಪನಿಯ ಹೆಸರಿನಲ್ಲಿ, ಇದು ನಮ್ಮದು ಅನ್ನುವ ಕ್ಲೈಮ್ ಬರ್ತದೆ. ಅದೇ ಪದ್ಯ, ಅದೇ ರಾಗ, ಅದೇ ಮಟ್ಟು, ಅವರ ಹಳೇ ಕ್ಯಾಸೆಟ್ಟಿನಲ್ಲಿ ಬೇರೆ ಭಾಗವತರು ಹೇಳಿದ್ದು. ಯಂತ್ರಕ್ಕೆ ಎರಡೂ ಒಂದೇ ಅಂತ ಕಾಣ್ತದೆ. ದಾಸರ ಪದ ಹಾಡಿದವರಿಗೂ ಹೀಗೆ ಆಗ್ತದೆ. ಪುರಂದರದಾಸರು ಹೋಗಿ 450 ವರ್ಷ ಕಳೆಯಿತು.

ತಕರಾರು ಹಾಕಿದರೆ ಮೊದಲು ಪರಿಶೀಲಿಸುವುದು ಕ್ಲೈಮ್ ಮಾಡಿದವರೇ. ಅವರು ಇಲ್ಲ ಅಂದರೆ ಮುಂದೆ ಹೋಗಬಹುದು, ಆದರೆ ಸ್ಟ್ರೈಕ್, ಅಂದರೆ ಕಾಪಿರೈಟ್ ತಪ್ಪಿನ ಗುರುತು, ಬೀಳುವ ಹೆದರಿಕೆ. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗ್ತದೆ. ತೀರಿಕೊಂಡ ಕಲಾವಿದರ ವೇಷ ಅದರಲ್ಲಿ ಉಂಟು, ಬೇರೆ ಕಡೆ ಪ್ರತಿ ಇಲ್ಲ. ಹಾಗಾಗಿ ಹೆಚ್ಚಿನವರು ತಲೆಬಾಗಿ ಸುಮ್ಮನೆ ಕೂರ್ತಾರೆ.

ಕಪ್ಪುಕೋಟು

ನಿಮ್ಮ ವಿಷಯದಲ್ಲಿ ಕಾನೂನು ನಿಮ್ಮ ಪರ. ಧ್ವನಿಮುದ್ರಣದ ಹಕ್ಕು ಆ ಮುದ್ರಣಕ್ಕೆ ಮಾತ್ರ, ಅದೇ ಪದ್ಯವನ್ನ ಇನ್ನೊಬ್ಬರು ಹಾಡಿದರೆ ಅನ್ವಯಿಸಲ್ಲ. ಭಾರತದ ಕಾಯ್ದೆಯಲ್ಲಿ ತೆಗೆಸೋ ನೋಟಿಸಿಗೂ ಮಿತಿ ಇದೆ: ದೂರುದಾರ 21 ದಿನದೊಳಗೆ ಕೋರ್ಟ್ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಆದರೆ ಯೂಟ್ಯೂಬ್ ತಾನೇ ಹೋಲಿಸಿ ಹಿಡಿಯೋ ಕಂಟೆಂಟ್ ಐಡಿ ಅನ್ನೋದು ಕಂಪನಿಯ ಖಾಸಗಿ ನಿಯಮ. ನಮ್ಮ ಸಂಸತ್ತು ಕೊಟ್ಟ ರಕ್ಷಣೆ ಅದರ ಬಾಗಿಲ ಹೊರಗೇ ನಿಲ್ಲುತ್ತೆ.

ಕಿವಿಯಲ್ಲಿ_ಓದುವವ

ನನಗೆ ಕಣ್ಣು ಕಾಣಲ್ಲ, ಎನ್‌ವಿಡಿಎ ಸ್ಕ್ರೀನ್‌ರೀಡರ್ (ಪರದೆಯಲ್ಲಿರೋದನ್ನ ಗಟ್ಟಿಯಾಗಿ ಓದಿ ಹೇಳೋ ತಂತ್ರಾಂಶ) ಬಳಸಿ ಓದ್ತೀನಿ. ಕಾನೂನು ನಮಗೆ ಬಹಳ ಉದಾರವಾಗಿದೆ. ಓದಲಾಗದವರಿಗಾಗಿ ಲಾಭವಿಲ್ಲದೆ ಯಾರು ಬೇಕಾದರೂ ಪುಸ್ತಕವನ್ನ ಓದಬಲ್ಲ ರೂಪಕ್ಕೆ ತರಬಹುದು ಅಂತ 2012ರಲ್ಲೇ ಆಗಿದೆ. ಕಣ್ಣು ಕಾಣದವರಿಗೆ ಪುಸ್ತಕ ಸಿಗೋ ಹಾಗೆ ಮಾಡೋ ಮರಾಕೇಶ್ ಒಪ್ಪಂದವನ್ನ 2014ರಲ್ಲಿ ಜಗತ್ತಿನಲ್ಲೇ ಮೊದಲು ಅಂಗೀಕರಿಸಿದ್ದು ಭಾರತ.

ಆದರೆ ನನ್ನ ಕೈಗೆ ಬರೋದೇನು? ಹಳೇ ಪುಸ್ತಕದ ಸ್ಕ್ಯಾನ್ ಅಂದರೆ ಪುಟದ ಚಿತ್ರ, ಸ್ಕ್ರೀನ್‌ರೀಡರಿಗೆ ಅದು ಖಾಲಿ ಹಾಳೆ. ಹೊಸ ಪುಸ್ತಕದ ಇ-ಪುಸ್ತಕ ಆ್ಯಪ್‌ನೊಳಗೆ ಬೀಗ ಹಾಕಿಕೊಂಡಿರುತ್ತೆ, ಗುಂಡಿಗಳಿಗೆ ಹೆಸರೇ ಕೊಟ್ಟಿರಲ್ಲ. ಯಾರಾದರೂ ಪ್ರೀತಿಯಿಂದ ಮೂಲ ಕಡತ ಕಳಿಸಿದರೆ ಅದು ಯೂನಿಕೋಡ್ ಅಲ್ಲದ ಹಳೇ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿರುತ್ತೆ, ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸುರಿಮಳೆ. 2016ರಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ಬಂತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ.

ನೀವೆಲ್ಲ ಸ್ಕ್ಯಾನ್ ಬಗ್ಗೆ ಮಾತಾಡ್ತೀರಿ. ದಯವಿಟ್ಟು ಪುಟದ ಚಿತ್ರವನ್ನ ಅಕ್ಷರಕ್ಕೆ ತಿರುಗಿಸೋ ಓಸಿಆರ್ ಬಗ್ಗೆಯೂ ಮಾತಾಡಿ. ಓಸಿಆರ್ ತಂತ್ರಾಂಶ ಟೆಸರಾಕ್ಟ್‌ಗೆ ಕನ್ನಡ ಬರುತ್ತೆ, ಒತ್ತಕ್ಷರದಲ್ಲಿ ತಪ್ಪಾಗುತ್ತೆ, ತಿದ್ದೋಕೆ ಕಣ್ಣಿರೋರು ಬೇಕು.

ಶಿಕಾಗೋ_ಕನ್ನಡತಿ

ನೀವು ಹುಡುಕ್ತಿರೋ 60ರ ದಶಕದ ಪುಸ್ತಕಗಳಲ್ಲಿ ಎಷ್ಟೋ ಇಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಕಪಾಟಿನಲ್ಲಿವೆ. ಪಿಎಲ್-480 ಯೋಜನೆಯಲ್ಲಿ ಭಾರತಕ್ಕೆ ಮಾರಿದ ಗೋಧಿಯ ಹಣ ರೂಪಾಯಿಯಲ್ಲೇ ಇಲ್ಲಿಯ ಸರ್ಕಾರದ ಕೈಲಿತ್ತು. 1962ರಿಂದ ಆ ಹಣದಲ್ಲಿ ಭಾರತದ ಹಲವು ಭಾಷೆಯ ಪುಸ್ತಕ ಕೊಂಡು ಅಮೆರಿಕದ ಗ್ರಂಥಾಲಯಗಳಿಗೆ ಕಳಿಸಿದರು. ತಂಪು ಕೋಣೆಯಲ್ಲಿ ಅವು ಹೊಸದರ ಹಾಗೇ ಇವೆ. ಇಲ್ಲಿಯ ಗ್ರಂಥಾಲಯಗಳ ಡಿಜಿಟಲ್ ಸಂಗ್ರಹ ಹಾತಿಟ್ರಸ್ಟ್‌ನಲ್ಲಿ ಡಿಜಿಟಲ್ ಪ್ರತಿ ಇದ್ದರೂ ಹೆಚ್ಚಿನವು ಹುಡುಕೋಕೆ ಮಾತ್ರ, ಓದೋಕಿಲ್ಲ. ಹಳೆಯವು ಕೆಲವು ಇಲ್ಲಿಂದ ತೆರೆಯುತ್ತವೆ, ಭಾರತದಿಂದ ನೋಡಿದರೆ ಮುಚ್ಚಿರುತ್ತವೆ.

ಇಲ್ಲಿಯ ಕೋರ್ಟುಗಳನ್ನ ನೆಚ್ಚಿಕೊಳ್ಳಬೇಡಿ. ಇಂಟರ್ನೆಟ್ ಆರ್ಕೈವ್ ಪುಸ್ತಕ ಎರವಲು ಕೊಡೋದರ ವಿರುದ್ಧ ಹ್ಯಾಶೆಟ್ ಮತ್ತಿತರ ಪ್ರಕಾಶಕರು 2023ರಲ್ಲಿ ಗೆದ್ದರು, 2024ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿಯಲ್ಲೂ ಗೆದ್ದರು. 5 ಲಕ್ಷ ಪುಸ್ತಕ ಎರವಲಿಂದ ಹೋಯ್ತು. ಅದೇ ಹೊತ್ತಿಗೆ ಎಐ ಕಂಪನಿಗಳು ಕಳ್ಳ ಸಂಗ್ರಹಗಳಿಂದ ಪುಸ್ತಕ ರಾಶಿಗಟ್ಟಲೆ ಇಳಿಸಿಕೊಂಡದ್ದು ಬಯಲಾಯ್ತು. ಆಂಥ್ರೋಪಿಕ್ 2025ರಲ್ಲಿ ಲೇಖಕರ ಜೊತೆ 150 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಆ ಹಣ ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಿದ ಪುಸ್ತಕಗಳಿಗೆ ಮಾತ್ರ. ಯಾವ ಕನ್ನಡ ಲೇಖಕ ಅಲ್ಲಿ ನೋಂದಾಯಿಸಿರ್ತಾನೆ? ದುಡ್ಡಿರೋರು ಮೊದಲು ತಗೊಂಡು ಆಮೇಲೆ ದಂಡ ಕಟ್ತಾರೆ. ಒಂದು ಊರಿನ ಗ್ರಂಥಾಲಯ ಮೊದಲೇ ಕೈಕಟ್ಟಿ ನಿಲ್ಲಬೇಕು. ಇದು ನನಗೆ ಸಹಿಸೋಕಾಗಲ್ಲ.

ಗಾಂಧಿಬಜಾರ್_ಪ್ರಕಾಶಕ

ಇದನ್ನೆಲ್ಲ ಓದಿದ ಮೇಲೆ ಒಂದು ಮಾತು ಕೊಡಬಲ್ಲೆ. ನಾವು ಮತ್ತೆ ಅಚ್ಚು ಹಾಕೋ ಯೋಚನೆಯೇ ಇಲ್ಲದ ಪುಸ್ತಕಗಳ ಪಟ್ಟಿ ಮಾಡಿ, ಲೇಖಕರ ಮನೆಯವರ ವಿಳಾಸ ಇದ್ದಲ್ಲಿ ಅವರನ್ನ ಕೇಳಿ, ಒಪ್ಪಿದರೆ ಬಿಟ್ಟುಕೊಡ್ತೀವಿ. ಐದು ವರ್ಷದ ಆ ಸೆಕ್ಷನ್ ಬಗ್ಗೆ ನಮ್ಮ ವಕೀಲರನ್ನೂ ಕೇಳ್ತೀನಿ. ಹೊಸ ಪುಸ್ತಕದ ವಿಷಯದಲ್ಲಿ ಮಾತ್ರ ನನ್ನ ನಿಲುವು ಬದಲಾಗಲ್ಲ.

ಗ್ರಂಥಪಾಲಕಿ

ಈಗಾಗಲೇ ಮುಕ್ತವಾಗಿರೋರ ಕಡೆ ಯಾರೂ ನೋಡ್ತಿಲ್ಲ, ಅದನ್ನ ಮೊದಲು ಹಿಡಿಯೋಣ. 1962ರಲ್ಲಿ ತೀರಿಕೊಂಡ ದೇವುಡು ಮತ್ತು ಉತ್ತಂಗಿ ಚನ್ನಪ್ಪನವರ ಬರಹ 2023ರಿಂದ ಮುಕ್ತ. ಮಂಜೇಶ್ವರದ ಗೋವಿಂದ ಪೈ, ತ್ರಿವೇಣಿ ಇಬ್ಬರದೂ 2024ರಿಂದ. ಫ.ಗು. ಹಳಕಟ್ಟಿ, ಆಲೂರು ವೆಂಕಟರಾಯರದು 2025ರಿಂದ. ವಚನಗಳನ್ನ ಓಲೆಗರಿಯಿಂದ ಹುಡುಕಿ ಅಚ್ಚಿಗೆ ತಂದ ಹಳಕಟ್ಟಿಯವರ ಸಂಪಾದನೆಗಳನ್ನ ಈಗ ಯಾರನ್ನೂ ಕೇಳದೆ ಸ್ಕ್ಯಾನ್ ಮಾಡಿ ಮುಕ್ತ ಪುಸ್ತಕಗಳ ತಾಣ ವಿಕಿಸೋರ್ಸ್‌ಗೆ ಹಾಕಬಹುದು. ತೀನಂಶ್ರೀಯವರದು 2027ರ ಜನವರಿ 1ಕ್ಕೆ.

ಒಂದು ಎಚ್ಚರಿಕೆ. ಲೇಖಕರ ಹಕ್ಕು ಮುಗಿದರೂ ಈಚಿನ ಮುದ್ರಣದ ಮುನ್ನುಡಿ, ಟಿಪ್ಪಣಿ, ಚಿತ್ರ ಬೇರೆಯವರದು, ಅದಕ್ಕೆ ಬೇರೆ ಹಕ್ಕಿರುತ್ತೆ. ಆದ್ದರಿಂದ ಹಳೆಯ ಮುದ್ರಣವೇ ಬೇಕು.

ಹಳೆಹೊತ್ತಗೆ

ಪಟ್ಟಿಗೆ ಕೈಮುಗೀತೀನಿ. ಇದರ ಜೊತೆ ಕಾನೂನೂ ಬದಲಾಗಬೇಕು ಅನ್ನೋದನ್ನ ಬಿಡಲ್ಲ. ಯುರೋಪ್ ಒಕ್ಕೂಟ 2019ರ ನಿರ್ದೇಶನದಲ್ಲಿ, ಮಾರಾಟದಲ್ಲಿ ಇಲ್ಲದ ಪುಸ್ತಕಗಳನ್ನ ಗ್ರಂಥಾಲಯಗಳು ಆನ್‌ಲೈನ್‌ನಲ್ಲಿ ತೆರೆದಿಡೋಕೆ ದಾರಿ ಮಾಡಿದೆ. ಹಕ್ಕುದಾರ ಬೇಡ ಅಂದರೆ ಆ ಪುಸ್ತಕ ತೆಗೀಬೇಕು. ನಮಗೂ ಅಷ್ಟೇ ಸಾಕು. 20 ವರ್ಷ ಅಚ್ಚಿನಲ್ಲಿ ಇಲ್ಲದಿದ್ದರೆ ಗ್ರಂಥಾಲಯ ತೆರೆದಿಡಲಿ, ವಾರಸುದಾರರು ಬಂದು ಕೇಳಿದ ದಿನ ತೆಗೆಯಲಿ. ಜಾಹೀರಾತು ಆ ಪುಸ್ತಕದ ಭಾಷೆಯ ಪತ್ರಿಕೆಯಲ್ಲೇ ಇರಲಿ. ಬ್ಲಾಕ್ ಆದೇಶ ಯಾವುದೇ ಇರಲಿ, ಯಾರದ್ದು, ಯಾಕೆ ಅಂತ ಪರದೆಯ ಮೇಲೆ ಕನ್ನಡದಲ್ಲಿ ಕಾಣಲಿ.

ಗಾಂಧಿಬಜಾರ್_ಪ್ರಕಾಶಕ

20 ಕಡಿಮೆಯಾಯ್ತು. ಸಣ್ಣ ಪ್ರಕಾಶಕರು ಹದಿನೈದು ಇಪ್ಪತ್ತು ವರ್ಷದ ಮೇಲೂ ಮರುಮುದ್ರಣ ಮಾಡ್ತೀವಿ. 30 ಮಾಡಿ, ತೆರೆಯೋ ಮೊದಲು ಪ್ರಕಾಶಕರಿಗೂ ಒಂದು ಪತ್ರ ಬರಲಿ.

ಕಪ್ಪುಕೋಟು

25ಕ್ಕೆ ಇಬ್ಬರೂ ಒಪ್ತೀರಾದರೆ ಕರಡು ನಾನು ಬರೀತೀನಿ. ಕಾಪಿರೈಟ್ ವಿಷಯ ನೋಡೋದು ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ (ಡಿಪಿಐಐಟಿ), ಅಲ್ಲಿಗೆ ಇಂಗ್ಲಿಷಿನಲ್ಲಿ ಹೋಗಬೇಕು. ಕನ್ನಡ ಪ್ರತಿ ಕನ್ನಡ ಪುಸ್ತಕ ಪ್ರಾಧಿಕಾರಕ್ಕೆ. ಜೊತೆಗೆ ಲಗತ್ತಿಸೋಕೆ ಉದಾಹರಣೆ ಬೇಕು: ಪುಸ್ತಕದ ಹೆಸರು, ಕೊನೆಯ ಮುದ್ರಣದ ವರ್ಷ, ಯಾವ ಗ್ರಂಥಾಲಯದಲ್ಲಿ ಪ್ರತಿ ಇದೆ, ಯಾವ ಸ್ಥಿತಿಯಲ್ಲಿದೆ. ವಾರಸುದಾರರನ್ನ ಹುಡುಕೋಕೆ ಪ್ರಯತ್ನಿಸಿದ್ದರೆ ಅದನ್ನೂ ಬರೆಯಿರಿ. ಕೆಳಗೆ ಹಾಕ್ತಾ ಹೋಗಿ.

ಧಾರವಾಡದಾಂವ

ನಾ ಸೋಮವಾರ ಇಲ್ಲಿ ವಿದ್ಯಾವರ್ಧಕ ಸಂಘದ ಕಡೆ ಹೋಗಾಂವ ಇದ್ದೀನಿ, ಹಳೇ ಕಪಾಟ ನೋಡಿ ಬರಕೊಂಡ ಬರ್ತೀನಿ. ಹಳಕಟ್ಟಿಯವರ ಶಿವಾನುಭವ ಪತ್ರಿಕೆ ಸಂಚಿಕೆಗಳು ಯಾರ ಮನ್ಯಾಗಾರ ಇದ್ರ ಹೇಳ್ರಿ.